ಪೇಟೆಗೂ ಘಾಟಿಗೂ ಒಂದೇ ಕಾರು: 1.2 ಲೀಟರ್ ಇಂಜಿನ್ ಸಾಕೇ, 1.5 ಬೇಕೇ?

ವಿಜಯನಗರದಿಂದ ಪೀಣ್ಯಕ್ಕೆ ದಿನಕ್ಕೆ ಹೋಗಿಬರುವುದು 24 ಕಿಲೋಮೀಟರ್, ತಿಂಗಳಿಗೊಮ್ಮೆ ಮನೆಯ ಐದೂ ಜನ ಬೆಳ್ತಂಗಡಿಯ ಊರಮನೆಗೆ. ಇಷ್ಟಕ್ಕೆ 1.2 ಲೀಟರಿನ ಪೆಟ್ರೋಲ್ ಇಂಜಿನ್ ಸಾಕೇ, 1.5 ಬೇಕೇ ಎಂದು ಕೇಳಿದ್ದೀರಿ. ದೊಡ್ಡ ಇಂಜಿನ್ ಪೆಟ್ರೋಲ್ ಕುಡಿಯುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಿದ್ದಾರೆ ಎಂದೂ ಬರೆದಿದ್ದೀರಿ. ನಾನಿರುವುದು ಹಾಸನದಲ್ಲಿ, ಹೆಂಡತಿಯ ತವರು ಉಜಿರೆ. ಎಂಟು ವರ್ಷ 1.2 ಲೀಟರಿನ ಕಾರು ಓಡಿಸಿ, ಈಗ ನಾಲ್ಕು ವರ್ಷದಿಂದ 1.5 ಓಡಿಸುತ್ತಿದ್ದೇನೆ. ಎರಡನ್ನೂ ಹತ್ತಿಸಿದ್ದು ನಿಮ್ಮೂರ ದಾರಿಯ ಚಾರ್ಮಾಡಿ ಘಾಟಿಯಲ್ಲೇ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಲೆಕ್ಕ ಮಾಡಿ. ಕಾರಿನಲ್ಲಿ ಜನ, ಸಾಮಾನು ಎರಡೂ ತುಂಬಿಕೊಂಡು ಘಾಟಿ ಹತ್ತುವ ದಿನ ನಿಮಗೆ ವರ್ಷಕ್ಕೆ ಎಷ್ಟು? ಎರಡೋ ಮೂರೋ ಆಗಿದ್ದರೆ ಕಣ್ಣು ಮುಚ್ಚಿ 1.2 ತೆಗೆದುಕೊಳ್ಳಿ ಎನ್ನುತ್ತಿದ್ದೆ. ನಿಮಗೆ ಹನ್ನೆರಡು ದಿನ ಇದೆ. ಅಷ್ಟಿದ್ದರೆ ಟರ್ಬೊ (ಇಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ) ಇಲ್ಲದ 1.2 ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ. ಹಾಗೆಂದು ಉತ್ತರ 1.5 ಎಂದೂ ಅಲ್ಲ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮ ಕಡೆಯವರ ಪ್ರಯಾಣಕ್ಕೆ ಒಂದು ವಿಶೇಷವಿದೆ. ಊರಿಗೆ ಹೋಗುವಾಗ ಘಾಟಿ ಇಳಿಯುತ್ತೇವೆ, ಆಗ ಡಿಕ್ಕಿಯಲ್ಲಿ ಎರಡು ಬಟ್ಟೆಯ ಚೀಲ. ಬರುವಾಗ ಹತ್ತುತ್ತೇವೆ, ಆಗ ಅದೇ ಡಿಕ್ಕಿಯಲ್ಲಿ ಸುಲಿದ ತೆಂಗಿನಕಾಯಿಯ ಮೂಟೆ, ಇಪ್ಪತ್ತೈದು ಕಿಲೋ ಕುಚ್ಚಲಕ್ಕಿ, ಕಾಲಕ್ಕೆ ತಕ್ಕಂತೆ ಹಲಸೋ ಮಾವೋ. ಐದು ಜನರನ್ನೂ ಸೇರಿಸಿದರೆ ಸಾವಿರ ಕಿಲೋ ಆಸುಪಾಸಿನ ಕಾರಿನ ಮೇಲೆ ನಾನೂರು ಕಿಲೋ ಹೊರೆ. ಭಾರ ಅತಿ ಹೆಚ್ಚಾಗಿರುವ ಹೊತ್ತಿನಲ್ಲೇ ಏರು ಎದುರಾಗುತ್ತದೆ.

ಅಂಥದ್ದೊಂದು ಸಂಜೆ ನನಗಿನ್ನೂ ಚೆನ್ನಾಗಿ ನೆನಪಿದೆ. ಮಳೆ ಹನಿಯುತ್ತಿತ್ತು, ಗಾಜು ಮಂಜಾಗುತ್ತದೆಂದು ಎಸಿ ಹಾಕಿದ್ದೆ. ಮುಂದೆ ತುಂಬಿದ ಲಾರಿಯೊಂದು ತೆವಳುತ್ತಿತ್ತು. ಹೇರ್‌ಪಿನ್ ತಿರುವಿಗೆ ಬರುವಷ್ಟರಲ್ಲಿ ಲಾರಿ ನಿಧಾನಿಸಿತು, ನಾನೂ ಎರಡನೇ ಗೇರಿನಲ್ಲೇ ನಿಧಾನಿಸಿದೆ. ತಿರುವಿನ ಒಳಮೈಯಲ್ಲಿ ಏರು ಇನ್ನೂ ಕಡಿದು. ಪೆಡಲನ್ನು ನೆಲ ಮುಟ್ಟುವವರೆಗೆ ಒತ್ತಿದರೂ ಇಂಜಿನ್ ಗುಡುಗುಟ್ಟಿತೇ ಹೊರತು ಕಾರು ಮುಂದೆ ಹೋಗಲಿಲ್ಲ. ಕಾರು ನಿಂತೇ ಹೋಯಿತು. ಎಸಿ ಆರಿಸಿ, ಕೈಬ್ರೇಕ್ ಎಳೆದು, ಮೊದಲ ಗೇರಿಗೆ ಹಾಕಿ, ಕ್ಲಚ್ಚನ್ನು ಅರ್ಧ ಬಿಟ್ಟು ಹೊರಡಿಸುವಷ್ಟರಲ್ಲಿ ಒಳಗೆಲ್ಲ ಕ್ಲಚ್ ಸುಟ್ಟ ವಾಸನೆ. ಹಿಂದೆ ಬಸ್ಸಿನ ದೀಪ ಕನ್ನಡಿ ತುಂಬ ಹೊಳೆಯುತ್ತಿತ್ತು. ಹಿಂದಿನ ಸೀಟಿನಲ್ಲಿದ್ದ ಅತ್ತೆ ಒಂದು ಮಾತೂ ಆಡದೆ ಮಗುವನ್ನು ಎದೆಗವಚಿಕೊಂಡಿದ್ದರು. ಘಾಟಿಯ ಮೇಲಿನ ಕೊಟ್ಟಿಗೆಹಾರ ತಲುಪಿ ಕಾರು ನಿಲ್ಲಿಸಿದಾಗ ನನ್ನ ಎಡಗಾಲು ನಡುಗುತ್ತಿತ್ತು. ಮುಂದಿನ ಕಾರಿನ ನಿರ್ಧಾರ ಆದದ್ದು ಅಲ್ಲೇ.

ಇದಕ್ಕೆ ಕಾರಣ ಸಿಸಿ, ಅಂದರೆ ಇಂಜಿನ್ನಿನ ಗಾತ್ರ, ಮಾತ್ರ ಅಲ್ಲ; ಟಾರ್ಕ್, ಅಂದರೆ ತಿರುಗಿಸುವ ಬಲ, ಇಂಜಿನ್ನಿನ ಯಾವ ವೇಗದಲ್ಲಿ ಸಿಗುತ್ತದೆ ಎನ್ನುವುದೂ ಹೌದು. ಒಂದೇ ಕಾರಿನ ಉದಾಹರಣೆ ನೋಡಿ. ಹ್ಯುಂಡೈ ವೆನ್ಯೂವಿನ 1.2 ಲೀಟರ್ ಇಂಜಿನ್ನಿಗೆ ಸುಮಾರು 114 ನ್ಯೂಟನ್ ಮೀಟರ್ ಟಾರ್ಕ್ ಇದೆ, ಆದರೆ ಅದು ಪೂರ್ತಿ ಸಿಗುವುದು 4000 ಆರ್‌ಪಿಎಂನಲ್ಲಿ, ಅಂದರೆ ಇಂಜಿನ್ ನಿಮಿಷಕ್ಕೆ ನಾಲ್ಕು ಸಾವಿರ ಸುತ್ತು ತಿರುಗುವಾಗ. ಅದೇ ಕಾರಿನ 1.0 ಲೀಟರ್ ಟರ್ಬೊ ಇಂಜಿನ್ 998 ಸಿಸಿಯದು, ಇನ್ನೂ ಚಿಕ್ಕದು. ಆದರೂ ಅದು 172 ನ್ಯೂಟನ್ ಮೀಟರ್ ಕೊಡುತ್ತದೆ, ಅದೂ 1500 ಆರ್‌ಪಿಎಂನಿಂದಲೇ. ತಿರುವಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡಾಗ ಇಂಜಿನ್ ಇರುವುದು ಸಾವಿರದೈನೂರು, ಎರಡು ಸಾವಿರದ ಆಸುಪಾಸಿನಲ್ಲಿ. ನಾಲ್ಕು ಸಾವಿರಕ್ಕೆ ಬರುವ ಬಲ ಆ ಹೊತ್ತಿಗೆ ಒದಗುವುದಿಲ್ಲ. ಮಾರುತಿ ಬ್ರೆಝಾದ 1.5 ಲೀಟರ್ ಇಂಜಿನ್ನಿನಲ್ಲೂ ಗರಿಷ್ಠ ಟಾರ್ಕ್, ಸುಮಾರು 137, ಬರುವುದು 4400ರಲ್ಲೇ. ಆದರೆ ಸಿಲಿಂಡರ್ ದೊಡ್ಡದಾದ್ದರಿಂದ ಕೆಳಗಿನ ವೇಗದಲ್ಲೂ 1.2ಕ್ಕಿಂತ ಕೈಯಲ್ಲಿ ಹೆಚ್ಚು ಇರುತ್ತದೆ.

ಶೋರೂಂನಲ್ಲಿ ಯಾರೂ ಹೇಳದ ಇನ್ನೊಂದು ಮಾತು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡವೇ ಹತ್ತು ಪ್ರತಿಶತದಷ್ಟು ಕಡಿಮೆ. ಟರ್ಬೊ ಇಲ್ಲದ ಇಂಜಿನ್ ಹೊರಗಿನ ಗಾಳಿಯನ್ನು ಇದ್ದ ಹಾಗೆಯೇ ಎಳೆದುಕೊಳ್ಳುತ್ತದೆ, ಹಾಗಾಗಿ ಅದರ ಶಕ್ತಿಯೂ ಹೆಚ್ಚುಕಡಿಮೆ ಅಷ್ಟೇ ಇಳಿಯುತ್ತದೆ. ಕಾಗದದ ಮೇಲೆ 83 ಅಶ್ವಶಕ್ತಿ ಎಂದಿದ್ದರೆ ನಿಮ್ಮ ಬೀದಿಯಲ್ಲಿ ಸಿಗುವುದು ಎಪ್ಪತ್ತೈದರ ಹತ್ತಿರ. ಟರ್ಬೊ ಗಾಳಿಯನ್ನು ಒತ್ತಿ ತುಂಬುವುದರಿಂದ ಈ ನಷ್ಟವನ್ನು ಬಹುಮಟ್ಟಿಗೆ ತುಂಬಿಕೊಡುತ್ತದೆ. ಮಂಗಳೂರಿನಲ್ಲಿ ಕಾರು ಚುರುಕು, ಬೆಂಗಳೂರಿನಲ್ಲಿ ಮಂಕು ಎಂದು ಕೆಲವರು ಹೇಳುವುದು ಭ್ರಮೆಯಲ್ಲ.

ಈಗ ನಿಮ್ಮ ಹಿರಿಯರ ಮಾತಿಗೆ ಬರೋಣ. ಪೇಟೆಯ ಮಟ್ಟಿಗೆ ಅವರು ಹೇಳುವುದು ನಿಜ. ನಾನು ಮೊದಲಿನಿಂದಲೂ ಬಂಕಿನಲ್ಲಿ ಪ್ರತಿ ಸಲ ಟ್ಯಾಂಕ್ ತುಂಬಿಸಿ, ಓಡಿದ ಕಿಲೋಮೀಟರನ್ನು ಒಂದು ಚಿಕ್ಕ ಪುಸ್ತಕದಲ್ಲಿ ಬರೆದಿಡುತ್ತೇನೆ. ಊರೊಳಗಿನ ಓಡಾಟದಲ್ಲಿ ನನ್ನ 1.2 ಕೊಟ್ಟದ್ದು ಲೀಟರಿಗೆ 14, ಈಗಿನ 1.5 ಕೊಡುವುದು 11.5. ಸಿಗ್ನಲ್ಲಿನಲ್ಲಿ ನಿಂತಾಗ ದೊಡ್ಡ ಇಂಜಿನ್ ಸುಮ್ಮನೆ ತಿರುಗುವುದಕ್ಕೂ ಹೆಚ್ಚು ಪೆಟ್ರೋಲ್ ಬೇಕು. ನಿಮ್ಮದು ತಿಂಗಳಿಗೆ 600 ಕಿಲೋಮೀಟರ್ ಎಂದುಕೊಂಡರೆ ವ್ಯತ್ಯಾಸ ಸುಮಾರು ಒಂಬತ್ತು ಲೀಟರ್, ಲೀಟರಿಗೆ ನೂರು ರೂಪಾಯಿ ಹಿಡಿದರೆ ಒಂಬೈನೂರು ರೂಪಾಯಿಗೆ ತುಸು ಮೇಲೆ. ಆದರೆ ಐದು ಜನ ಕುಳಿತು ಉಜಿರೆಗೆ ಹೋಗಿಬಂದ ಪುಟಗಳಲ್ಲಿ ಲೆಕ್ಕ ತಿರುಗುಮುರುಗು: 1.2ಕ್ಕೆ 13.5, 1.5ಕ್ಕೆ 14. ಚಿಕ್ಕ ಇಂಜಿನ್ನನ್ನು ಪೂರ್ತಿ ಪೆಡಲ್ ಒತ್ತಿ ಕಿರುಚಿಸಿ ಹತ್ತಿಸುವಾಗ ಅದು ತನ್ನನ್ನು ಕಾಪಾಡಿಕೊಳ್ಳಲು ಗಾಳಿಗೆ ಹೆಚ್ಚು ಪೆಟ್ರೋಲ್ ಬೆರೆಸುತ್ತದೆ. ಹಾಗಾಗಿ ಚಿಕ್ಕದು ಯಾವಾಗಲೂ ಉಳಿಸುತ್ತದೆ ಎನ್ನುವುದು ತಪ್ಪು.

ಪೆಟ್ರೋಲಿಗಿಂತ ದೊಡ್ಡ ಹೊಡೆತ ತೆರಿಗೆಯದು. ನಮ್ಮಲ್ಲಿ ‘ಸಣ್ಣ ಕಾರು’ ಎಂದರೆ ನಾಲ್ಕು ಮೀಟರಿಗಿಂತ ಉದ್ದವಿಲ್ಲದ, ಪೆಟ್ರೋಲಿಗೆ 1200 ಸಿಸಿ, ಡೀಸೆಲಿಗೆ 1500 ಸಿಸಿ ಮೀರದ ಕಾರು. 2006ರ ಬಜೆಟ್‌ನಲ್ಲಿ ಸಣ್ಣ ಕಾರುಗಳಿಗೆ ಅಬಕಾರಿ ಸುಂಕ ಇಳಿಸಿದಾಗ ಬಂದ ಗೆರೆ ಇದು. ನಮ್ಮ ಕಾರುಗಳ ಬ್ರೋಷರಿನಲ್ಲಿ 1197, 1199 ಎಂಬ ಅಂಕಿಗಳು ಮತ್ತೆ ಮತ್ತೆ ಕಾಣುವುದು ಅದಕ್ಕೇ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಈಚೆಗಿನ ಕಾರಿಗೆ ಜಿಎಸ್‌ಟಿ 18 ಪ್ರತಿಶತ, ಆಚೆಗಿನದಕ್ಕೆ 40. ಬ್ರೆಝಾ ನಾಲ್ಕು ಮೀಟರಿನ ಒಳಗೇ ಇದ್ದರೂ ಅದರ ಪೆಟ್ರೋಲ್ ಇಂಜಿನ್ 1462 ಸಿಸಿ ಆದ್ದರಿಂದ 40ಕ್ಕೆ ಬೀಳುತ್ತದೆ. ತೆರಿಗೆಗೆ ಮುಂಚೆ ಎಂಟು ಲಕ್ಷದ ಕಾರು ಎಂದುಕೊಳ್ಳಿ: ಒಂದು ಕಡೆ 9.44 ಲಕ್ಷ, ಇನ್ನೊಂದು ಕಡೆ 11.2 ಲಕ್ಷ. ಅಲ್ಲಿಗೇ ಮುಗಿಯಲಿಲ್ಲ. ಕರ್ನಾಟಕದ ರಸ್ತೆ ತೆರಿಗೆ ಐದರಿಂದ ಹತ್ತು ಲಕ್ಷದವರೆಗೆ 14 ಪ್ರತಿಶತ, ಹತ್ತರಿಂದ ಇಪ್ಪತ್ತು ಲಕ್ಷದವರೆಗೆ 17. ಎರಡೂ ಸೇರಿ ಅಂತರ ಎರಡು ಲಕ್ಷ ಮೂವತ್ತು ಸಾವಿರದ ಹತ್ತಿರ. ಮುನ್ನೂರು ಸಿಸಿಗೆ ಇಷ್ಟು ಕೊಡುವುದು ಸಂಬಳದಲ್ಲಿ ಬದುಕುವವರಿಗೆ ಸಣ್ಣ ಮಾತಲ್ಲ. ನಾನು ಕೊಂಡಾಗಲೂ ತೆರಿಗೆಯಲ್ಲಿ ಅಂತರ ಇತ್ತು, ಕೊಟ್ಟೆ. ಇವತ್ತು ಕೊಳ್ಳುವುದಾದರೆ ಕೊಡುತ್ತಿರಲಿಲ್ಲ.

ಏಕೆಂದರೆ ಗೆರೆಯ ಈಚೆಗೇ ಈಗ ಒಳ್ಳೆಯ ಟರ್ಬೊ ಇಂಜಿನ್‌ಗಳಿವೆ. ವೆನ್ಯೂವಿನ 1.0, ಟಾಟಾ ನೆಕ್ಸಾನ್‌ನ 1.2, ಎರಡೂ 120ರ ಆಸುಪಾಸಿನ ಅಶ್ವಶಕ್ತಿಯವು. ನೀವು ಕೇಳಿದ ಎರಡರ ನಡುವೆ ಈ ಮೂರನೆಯ ದಾರಿಯನ್ನೇ ನಾನು ನಿಮಗೆ ಹೇಳುವುದು. ಆದರೆ ಟರ್ಬೊ ಕೊಂಡವರು ಕೆಲವು ಶಿಸ್ತನ್ನು ಬಿಡಬಾರದು. ಅದರ ಚಕ್ರ ನಿಮಿಷಕ್ಕೆ ಲಕ್ಷ ಸುತ್ತಿಗೂ ಮೇಲೆ ತಿರುಗುತ್ತದೆ, ಎಣ್ಣೆಯ ತೆಳು ಪದರವೇ ಅದಕ್ಕೆ ಆಧಾರ. ಕೈಪಿಡಿಯಲ್ಲಿ ಹೇಳಿದ ದರ್ಜೆಯ ಎಣ್ಣೆಯನ್ನೇ ಹಾಕಿಸಿ, ಸರ್ವಿಸ್ ಮುಂದೂಡಬೇಡಿ, ಘಾಟಿ ಹತ್ತಿದ ಕೂಡಲೇ ಇಂಜಿನ್ ಆರಿಸದೆ ಒಂದು ನಿಮಿಷ ಬಿಡಿ. ಪೇಟೆಯಲ್ಲಿ ಪೆಡಲನ್ನು ಜೋರಾಗಿ ಒತ್ತುವ ಅಭ್ಯಾಸವಿದ್ದರೆ ಮೈಲೇಜ್ 1.5ಕ್ಕಿಂತಲೂ ಕೆಳಗೆ ಹೋದೀತು. ಮತ್ತೆ, 1500 ಆರ್‌ಪಿಎಂಗಿಂತ ಕೆಳಗೆ ಅದೂ ಬಡಪಾಯಿಯೇ. ತಿರುವಿನ ಮುಂಚೆಯೇ ಗೇರ್ ಇಳಿಸಿಕೊಳ್ಳಬೇಕು.

ಹಾಗಾದರೆ 1.5 ಯಾರಿಗೆ? ಹನ್ನೆರಡು ಹದಿನೈದು ವರ್ಷ ಒಂದೇ ಕಾರು ಇಟ್ಟುಕೊಳ್ಳುವವರಿಗೆ, ಊರಿನ ಮೆಕ್ಯಾನಿಕ್ಕಿನ ಕೈಗೆ ಒಗ್ಗುವ ಸರಳ ಇಂಜಿನ್ ಬೇಕೆನ್ನುವವರಿಗೆ. ಘಾಟಿ ಇಳಿಯುವಾಗಲೂ ಅದರಿಂದ ಒಂದು ಲಾಭವಿದೆ: ಎರಡನೇ ಗೇರಿನಲ್ಲಿ ದೊಡ್ಡ ಇಂಜಿನ್ ಕಾರನ್ನು ಚೆನ್ನಾಗಿ ಹಿಡಿದಿಡುತ್ತದೆ, ಬ್ರೇಕಿಗೆ ಶ್ರಮ ಕಡಿಮೆ. ಡೀಸೆಲ್ ನಿಮಗೆ ಬೇಡ. ಬಲದಲ್ಲಿ ಅದಕ್ಕೆ ಸಾಟಿಯಿಲ್ಲ, ನಿಜ. ಆದರೆ ದಿನವೂ ಹೋಗಲು ಹನ್ನೆರಡು, ಬರಲು ಹನ್ನೆರಡು ಕಿಲೋಮೀಟರ್ ತೆವಳುವ ಓಟದಲ್ಲಿ ಹೊಗೆಯ ಫಿಲ್ಟರಿನಲ್ಲಿ ಕಟ್ಟುವ ಮಸಿ ಸುಟ್ಟುಹೋಗುವಷ್ಟು ಶಾಖ ಏರುವುದೇ ಇಲ್ಲ.

ಟೆಸ್ಟ್ ಡ್ರೈವ್‌ಗೆ ದಯವಿಟ್ಟು ಒಬ್ಬರೇ ಹೋಗಬೇಡಿ. ಅಪ್ಪ, ಅಮ್ಮ, ಮಕ್ಕಳು ಎಲ್ಲರನ್ನೂ ಕೂರಿಸಿಕೊಳ್ಳಿ, ಎಸಿ ಹಾಕಿ. ಹತ್ತಿರದ ಯಾವುದಾದರೂ ಮಾಲಿನ ನೆಲಮಾಳಿಗೆಯ ಪಾರ್ಕಿಂಗ್‌ಗೆ ಇಳಿದು, ಹತ್ತುವಾಗ ಹಿಂದೆ ಯಾರೂ ಇಲ್ಲದ್ದನ್ನು ನೋಡಿಕೊಂಡು ಇಳಿಜಾರಿನ ನಡುವೆ ಪೂರ್ತಿ ನಿಲ್ಲಿಸಿ, ಅಲ್ಲಿಂದ ಮತ್ತೆ ಹೊರಡಿಸಿ. 1.2, ಟರ್ಬೊ, 1.5 ಮೂರನ್ನೂ ಒಂದೇ ಜಾಗದಲ್ಲಿ, ಅಷ್ಟೇ ಜನರೊಂದಿಗೆ, ಸಾಧ್ಯವಾದರೆ ಒಂದೇ ದಿನ ಹತ್ತಿಸಿ ನೋಡಿ. ಆಗ ಬಲಗಾಲನ್ನು ಎಷ್ಟು ಒತ್ತಬೇಕಾಯಿತು, ಎಡಗಾಲು ಕ್ಲಚ್ಚಿನ ಮೇಲೆ ಎಷ್ಟು ಹೊತ್ತು ಇರಬೇಕಾಯಿತು ಎಂಬುದನ್ನು ಗಮನಿಸಿ. ಮನೆಯ ಹಿರಿಯರೂ ಆಗ ಕಾರಿನೊಳಗೇ ಇರುತ್ತಾರೆ.