ಓದುಗರ ಪ್ರಶ್ನೆ, ದಂತವೈದ್ಯರ ಉತ್ತರ: ದವಡೆಯ ನೋವಿಗೆ ಮನೆಯಲ್ಲೇ ಆರೈಕೆ

ಪ್ರಶ್ನೆ: ನನಗೆ 34 ವರ್ಷ. ಉಡುಪಿಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ ಮಾಡುತ್ತಿದ್ದೇನೆ. ಎರಡು ತಿಂಗಳಿಂದ ಎಡಗಿವಿಯ ಮುಂಭಾಗದಲ್ಲಿ ನೋವಿದ್ದು, ಬೆಳಿಗ್ಗೆ ಏಳುವಾಗ ಹೆಚ್ಚಾಗಿರುತ್ತದೆ. ಬಾಯಿ ತೆರೆದಾಗ ‘ಟಕ್’ ಎಂದು ಸದ್ದಾಗುತ್ತದೆ. ಕಿವಿಯಲ್ಲಿ ಏನೂ ತೊಂದರೆಯಿಲ್ಲವೆಂದು ತಜ್ಞರು ಹೇಳಿದ್ದಾರೆ. ಕೀಲು ಸವೆದಿರಬಹುದೇ? ಮನೆಯಲ್ಲಿ ಏನು ಮಾಡಬಹುದು?
– ಓದುಗರು, ಉಡುಪಿ

ಉತ್ತರ: ನೀವು ಬರೆದಿರುವುದನ್ನು ನೋಡಿದರೆ ಇದು ದವಡೆಯ ಕೀಲಿನ ಮತ್ತು ಅದನ್ನು ಎಳೆಯುವ ಸ್ನಾಯುಗಳ ನೋವಾಗಿರುವ ಸಂಭವ ಹೆಚ್ಚು. ತೋರುಬೆರಳನ್ನು ಕಿವಿಯ ಮುಂದೆ ಇಟ್ಟುಕೊಂಡು ನಿಧಾನವಾಗಿ ಬಾಯಿ ತೆರೆಯಿರಿ. ಬೆರಳಿನಡಿ ಉಬ್ಬಿದ ಮೂಳೆಯೊಂದು ಮೊದಲು ಇದ್ದಲ್ಲೇ ತಿರುಗಿ, ಆಮೇಲೆ ಮುಂದಕ್ಕೆ ಜಾರುವುದು ತಿಳಿಯುತ್ತದೆ. ಅದು ಕೆಳದವಡೆಯ ತುದಿ. ಅದಕ್ಕೂ ತಲೆಬುರುಡೆಗೂ ನಡುವೆ ತೆಳುವಾದ, ಗಟ್ಟಿ ನಾರಿನ ಬಿಲ್ಲೆಯೊಂದಿದೆ. ಅದು ಸ್ವಲ್ಪ ಮುಂದೆ ಸರಿದುಕೊಂಡಿದ್ದು, ಬಾಯಿ ತೆರೆಯುವಾಗ ಮತ್ತೆ ತನ್ನ ಜಾಗಕ್ಕೆ ಬಂದು ಕುಳಿತರೆ ನೀವು ಹೇಳುವ ಸದ್ದು ಬರುತ್ತದೆ. ಸದ್ದು ಬಂದ ಮಾತ್ರಕ್ಕೆ ಕೀಲು ಸವೆದಿದೆ ಎಂದು ಹೆದರಬೇಕಾಗಿಲ್ಲ. ಯಾವ ತೊಂದರೆಯೂ ಇಲ್ಲದ ಅನೇಕರಲ್ಲಿ ಇದು ಇರುತ್ತದೆ ಮತ್ತು ನೋವಿಲ್ಲದ ಸದ್ದಿಗೆ ಚಿಕಿತ್ಸೆ ಬೇಕಾಗುವುದೂ ಇಲ್ಲ.

ಬೆಳಗಿನ ನೋವು ಮಾತ್ರ ಗಮನಿಸಬೇಕಾದದ್ದು, ಏಕೆಂದರೆ ನಿದ್ದೆಯಲ್ಲಿ ಹಲ್ಲು ಕಡಿಯುವವರಿಗೆ ಸ್ನಾಯುಗಳು ರಾತ್ರಿಯೆಲ್ಲ ದುಡಿದು ಬೆಳಿಗ್ಗೆ ಹೀಗೆ ನೋಯುತ್ತವೆ. ಕನ್ನಡಿಯ ಮುಂದೆ ನಾಲಿಗೆ ಚಾಚಿ ನೋಡಿಕೊಳ್ಳಿ: ಅಂಚಿನುದ್ದಕ್ಕೂ ಹಲ್ಲಿನ ಅಚ್ಚು ಬಿದ್ದಿದ್ದರೆ, ಕೆನ್ನೆಯ ಒಳಭಾಗದಲ್ಲಿ ಹಲ್ಲು ಸೇರುವ ಮಟ್ಟದಲ್ಲಿ ಬಿಳಿ ಗೆರೆಯಿದ್ದರೆ, ಹಲ್ಲು ಬಿಗಿಹಿಡಿಯುವ ಅಭ್ಯಾಸವಿರುವ ಸಾಧ್ಯತೆಯಿದೆ. ಹಗಲಿನಲ್ಲಿ ಕಂಪ್ಯೂಟರ್ ಮುಂದೆ ಕುಳಿತು ಲೆಕ್ಕ ಹೊಂದಿಸುವಾಗಲೂ ಹೀಗೆ ಬಿಗಿಹಿಡಿಯುವವರು ಬಹಳ ಮಂದಿ. ಮೇಲಿನ ಮತ್ತು ಕೆಳಗಿನ ಹಲ್ಲುಗಳು ಅಗಿಯುವಾಗ, ನುಂಗುವಾಗ ತಾಗಬೇಕೇ ಹೊರತು ಉಳಿದ ಹೊತ್ತಿನಲ್ಲಿ ತಾಗಬಾರದು. ತುಟಿ ಮುಚ್ಚಿರಲಿ, ಹಲ್ಲುಗಳು ಬಿಡಿಯಾಗಿರಲಿ, ನಾಲಿಗೆಯ ತುದಿ ಮೇಲಿನ ಮುಂಹಲ್ಲುಗಳ ಹಿಂದೆ ಮೆಲ್ಲನೆ ತಾಗಿಕೊಂಡಿರಲಿ. ಮೇಜಿನ ಮೇಲೆ ಕಣ್ಣಿಗೆ ಬೀಳುವಲ್ಲಿ ಬಣ್ಣದ ಚೀಟಿಯೊಂದನ್ನು ಅಂಟಿಸಿ, ಅದನ್ನು ಕಂಡಾಗಲೆಲ್ಲ ದವಡೆಯನ್ನು ಸಡಿಲಿಸಿ. ನಾನು ಕೊಡುವ ಸಲಹೆಗಳಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದೇ, ಮತ್ತು ಇದಕ್ಕೆ ಒಂದು ರೂಪಾಯಿಯೂ ಖರ್ಚಿಲ್ಲ.

ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಕೆನ್ನೆಗೆ 15ರಿಂದ 20 ನಿಮಿಷ ಶಾಖ ಕೊಟ್ಟು, ಬಳಿಕ ಕಿವಿಯ ಮುಂದಿನಿಂದ ದವಡೆಯ ಮೂಲೆಯವರೆಗೆ ಬೆರಳ ತುದಿಯಿಂದ ಹಗುರವಾಗಿ ನೀವಿಕೊಳ್ಳಿ. ದಿನಕ್ಕೆ ಎರಡು ಬಾರಿ ಮಾಡಬಹುದು. ಊಟದ ವಿಷಯದಲ್ಲಿ ನಮ್ಮ ಕರಾವಳಿಯವರಿಗೆ ಕಷ್ಟವೇನಿಲ್ಲ. ನೀರುದೋಸೆ, ಇಡ್ಲಿ, ಕುಚ್ಚಲಕ್ಕಿ ಗಂಜಿ, ಬೇಯಿಸಿದ ಮೀನು ಇವೆಲ್ಲ ದವಡೆಗೆ ಹಿತ. ಕೋರಿ ರೊಟ್ಟಿ ತಿನ್ನುವುದಾದರೆ ಸಾರಿನಲ್ಲಿ ಪೂರ್ತಿ ನೆನೆದ ಮೇಲೆ ತಿನ್ನಿ. ಚಕ್ಕುಲಿ, ಹುರಿದ ಕಡಲೆ, ಚೂಯಿಂಗ್ ಗಮ್ ಇವುಗಳನ್ನು ಕೆಲವು ವಾರ ಬಿಟ್ಟುಬಿಡಿ. ಆಕಳಿಕೆ ಬಂದಾಗ ಗಲ್ಲದ ಕೆಳಗೆ ಮುಷ್ಟಿ ಒತ್ತಿ ಹಿಡಿದರೆ ಬಾಯಿ ವಿಪರೀತ ತೆರೆಯುವುದು ತಪ್ಪುತ್ತದೆ. ನೋವು ಹೆಚ್ಚಾದ ದಿನ ಪ್ಯಾರಸಿಟಮಾಲ್ ತೆಗೆದುಕೊಳ್ಳಬಹುದು. ಹೊಟ್ಟೆಯ ಹುಣ್ಣು ಅಥವಾ ಮೂತ್ರಪಿಂಡದ ತೊಂದರೆ ಇರುವವರು, ಗರ್ಭಿಣಿಯರು ವೈದ್ಯರನ್ನು ಕೇಳದೆ ಐಬುಪ್ರೊಫೆನ್ ನುಂಗಬಾರದು.

ಬಲವಂತವಾಗಿ ಬಾಯಿ ಅಗಲಿಸುವುದು, ಯಾರಿಂದಲೋ ದವಡೆ ತಿರುಗಿಸಿಕೊಳ್ಳುವುದು ಖಂಡಿತ ಬೇಡ. ಹಲ್ಲನ್ನು ತೇಯ್ದು, ಮೇಲಿನ ಮತ್ತು ಕೆಳಗಿನ ಹಲ್ಲುಗಳು ಕೂಡುವ ರೀತಿಯನ್ನು ಸರಿಪಡಿಸುವ ಮಾತಿಗೂ ಅವಸರದಲ್ಲಿ ಒಪ್ಪಬೇಡಿ, ಏಕೆಂದರೆ ತೇಯ್ದು ತೆಗೆದ ಹಲ್ಲು ಮತ್ತೆ ಬೆಳೆಯುವುದಿಲ್ಲ. ಮೂರು ವಾರ ಈ ಆರೈಕೆ ಮಾಡಿದರೂ ನೋವು ತಗ್ಗದಿದ್ದರೆ ದಂತವೈದ್ಯರನ್ನು ಕಾಣಿ. ಬೇಕೆನಿಸಿದರೆ ಅವರು ನಿಮ್ಮ ಹಲ್ಲಿನ ಅಳತೆ ತೆಗೆದು ರಾತ್ರಿ ಹಲ್ಲಿನ ಮೇಲೆ ಧರಿಸುವ ಕವಚವನ್ನು (ನೈಟ್ ಗಾರ್ಡ್) ಮಾಡಿಸಿಕೊಡುತ್ತಾರೆ. ನಿಮಗೆ ಮಣಿಪಾಲದ ದಂತ ವೈದ್ಯಕೀಯ ಕಾಲೇಜು ಹತ್ತಿರದಲ್ಲೇ ಇದೆ.

ಕೆಲವು ಲಕ್ಷಣಗಳಿಗೆ ಮೂರು ವಾರ ಕಾಯಬಾರದು. ಬಾಯಿ ತೆರೆದಲ್ಲೇ ಅಥವಾ ಮುಚ್ಚಿದಲ್ಲೇ ಸಿಕ್ಕಿಕೊಂಡರೆ, ಜ್ವರದೊಂದಿಗೆ ಮುಖ ಊದಿಕೊಂಡರೆ ಅಂದೇ ಆಸ್ಪತ್ರೆಗೆ ಹೋಗಬೇಕು. ಐವತ್ತು ದಾಟಿದವರಿಗೆ ಅಗಿಯುವಾಗ ದವಡೆ ನೋಯುವುದರ ಜೊತೆಗೆ ಹೊಸದಾಗಿ ತಲೆನೋವು ಶುರುವಾಗಿ, ದೃಷ್ಟಿಯೂ ಮಂಜಾದರೆ ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡಿದರೆ ಕಣ್ಣೇ ಹೋಗುವ ಅಪಾಯವಿದೆ. ಮೆಟ್ಟಿಲು ಹತ್ತುವಾಗ ದವಡೆಯಲ್ಲಿ ನೋವು ಬಂದು, ಎದೆ ಬಿಗಿತ, ಬೆವರು, ಉಸಿರು ಕಟ್ಟುವಿಕೆ ಜೊತೆಗೂಡಿದರೆ ಅದನ್ನು ಹೃದಯದ ತೊಂದರೆಯೆಂದೇ ತಿಳಿದು ತಕ್ಷಣ 108ಕ್ಕೆ ಕರೆ ಮಾಡಿ.

ಪ್ರಶ್ನೆ: ನನ್ನ ತಂದೆಯವರಿಗೆ 58 ವರ್ಷ. ಬಹುಕಾಲದಿಂದ ಎಲೆಯಡಿಕೆ ಹಾಕಿಕೊಳ್ಳುತ್ತಾರೆ. ಈಗ ದವಡೆ ಬಿಗಿಯಾಗಿ ಬಾಯಿ ಪೂರ್ತಿ ತೆರೆಯುತ್ತಿಲ್ಲ. ಖಾರ ತಾಗಿದರೆ ಉರಿ. ಎಣ್ಣೆ ತಿಕ್ಕಿ ಶಾಖ ಕೊಟ್ಟರೆ ಸಾಕೇ?
– ಓದುಗರು, ಮಂಗಳೂರು

ಉತ್ತರ: ಸಾಲದು. ಮೇಲಿನ ಉತ್ತರದಲ್ಲಿ ಹೇಳಿದ ಆರೈಕೆ ನಿಮ್ಮ ತಂದೆಯವರಿಗೆ ಅನ್ವಯಿಸುವುದಿಲ್ಲ. ಅಡಿಕೆ ಜಗಿಯುವವರಲ್ಲಿ ಕೆನ್ನೆಯ ಒಳಪದರ ನಾರುಗಟ್ಟಿ, ಬಿಳಿಚಿಕೊಂಡು, ಬಾಯಿ ದಿನೇ ದಿನೇ ಕಿರಿದಾಗುವ ಕಾಯಿಲೆಯೊಂದಿದೆ. ಲಕ್ಷಣಗಳು ಅದನ್ನೇ ಹೋಲುತ್ತವೆ. ತಮ್ಮದೇ ಕೈಯ ಮೂರು ಬೆರಳುಗಳನ್ನು ಜೋಡಿಸಿ ಮುಂಹಲ್ಲುಗಳ ನಡುವೆ ನಿಲ್ಲಿಸಲು ಸಾಧ್ಯವೇ ಎಂದು ನೋಡಲು ಹೇಳಿ. ಸಾಮಾನ್ಯವಾಗಿ ಅಷ್ಟು ತೆರೆಯಬೇಕು. ಈ ಕಾಯಿಲೆ ಕ್ಯಾನ್ಸರಿಗೆ ತಿರುಗಬಹುದಾದ್ದರಿಂದ ಶಾಖ ಕೊಡುತ್ತ ದಿನ ಕಳೆಯಬೇಡಿ. ಅಡಿಕೆಯನ್ನು ತಂಬಾಕಿಲ್ಲದೆ ಜಗಿದರೂ ಅದು ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2004ರಲ್ಲಿ ಪ್ರಕಟಿಸಿತು. ಅಡಿಕೆ ತೋಟವನ್ನೇ ನಂಬಿ ಬದುಕುವ ನಮ್ಮ ಜಿಲ್ಲೆಯಲ್ಲಿ ಇದನ್ನು ಹೇಳುವುದು ಸುಲಭವಲ್ಲ, ಆದರೆ ರೋಗಿಯ ಹಿತಕ್ಕಾಗಿ ಹೇಳಲೇಬೇಕು. ಎಲೆಯಡಿಕೆಯನ್ನು ಇಂದೇ ನಿಲ್ಲಿಸಿ, ಈ ವಾರವೇ ಅವರನ್ನು ದಂತವೈದ್ಯರ ಬಳಿ ಕರೆದೊಯ್ಯಿರಿ. ಎಷ್ಟು ವರ್ಷಗಳಿಂದ, ದಿನಕ್ಕೆ ಎಷ್ಟು ಬಾರಿ, ತಂಬಾಕು ಸೇರಿಸಿಯೋ ಸೇರಿಸದೆಯೋ ಹಾಕಿಕೊಳ್ಳುತ್ತಿದ್ದರೆಂಬುದನ್ನು ಮರೆಮಾಚದೆ ತಿಳಿಸಿ. ಬಾಯೊಳಗೆ ಎರಡು ವಾರ ದಾಟಿದರೂ ಮಾಯದ ಹುಣ್ಣಿದ್ದರೆ ಅದನ್ನು ಎಲ್ಲಕ್ಕಿಂತ ಮೊದಲು ತೋರಿಸಿ.