ಪದ ಸಾಕು, ಅಂಕಿ ಬೇಡ ಎಂದವರಿಗೆ

ಓದುಗರ ಪತ್ರ: "ಮಾನ್ಯ ಸಂಪಾದಕರೇ, ಸಾಂಕ್ರಾಮಿಕ ರೋಗ ಮತ್ತು ಲಸಿಕೆಗಳ ಬಗ್ಗೆ ಇಂಗ್ಲಿಷ್ ಪತ್ರಿಕೆಗಳಲ್ಲಿ ಬರುವ ಸುದ್ದಿಗಳನ್ನು ಓದುವ ಅಭ್ಯಾಸ ಮಾಡುತ್ತಿದ್ದೇನೆ. ಎಫಿಕೆಸಿ, ಎಂಡೆಮಿಕ್, ಅಸಿಂಪ್ಟೊಮ್ಯಾಟಿಕ್, ಅಡ್ವರ್ಸ್ ಈವೆಂಟ್ ಮುಂತಾದ ಪದಗಳು ಸಾಲುಸಾಲಿಗೂ ಅಡ್ಡ ಬರುತ್ತವೆ. ಕಳೆದ ಸಂಚಿಕೆಯಲ್ಲಿ ಲಸಿಕಾ ಪ್ರಯೋಗಗಳ ಕುರಿತು ನೀವು ಪ್ರಕಟಿಸಿದ ಲೇಖನವಂತೂ ಅಂಕಿಗಳಿಂದಲೇ ತುಂಬಿಹೋಗಿತ್ತು. ನಮ್ಮಂಥ ಸಾಮಾನ್ಯ ಓದುಗರಿಗೆ ಅಂಕಿ ಬೇಡ, ಪದಗಳು ಸಾಕು. ಇಂಥ ನೂರು ಪದಗಳನ್ನು ಕನ್ನಡ ಅರ್ಥದೊಂದಿಗೆ ಎರಡು ಪುಟಗಳಲ್ಲಿ ಕೊಟ್ಟರೆ ಬಾಯಿಪಾಠ ಮಾಡಿಕೊಳ್ಳುತ್ತೇವೆ."
— ಹೆಸರು ಪ್ರಕಟಿಸಬೇಡಿ ಎಂದು ಕೋರಿರುವ ಓದುಗರು

ಸಂಪಾದಕರ ಉತ್ತರ:

ಪ್ರಿಯ ಓದುಗರೇ,

ಪರಭಾಷೆಯ ಪತ್ರಿಕೆಯನ್ನು ಸಾಲುಸಾಲಾಗಿ ಬಿಡಿಸಿ ಓದುವ ಶ್ರಮಕ್ಕೆ ನೀವು ಒಡ್ಡಿಕೊಂಡಿದ್ದೀರಿ. ಅದು ಮೆಚ್ಚತಕ್ಕ ವಿಷಯ. ಪದಗಳ ಪಟ್ಟಿಯಿಂದ ಪ್ರಯೋಜನವೇ ಇಲ್ಲವೆಂದು ನಾನು ಹೇಳುವುದಿಲ್ಲ. ಸೋಂಕು ತಗುಲಿದವರನ್ನು ಬೇರೆಯಾಗಿ ಇರಿಸುವುದು ಐಸೊಲೇಷನ್, ಸೋಂಕಿತರ ಸಂಪರ್ಕಕ್ಕೆ ಬಂದು ಇನ್ನೂ ಆರೋಗ್ಯವಾಗಿಯೇ ಕಾಣುವವರನ್ನು ಕೆಲವು ದಿನ ಪ್ರತ್ಯೇಕವಾಗಿಡುವುದು ಕ್ವಾರಂಟೈನ್, ರೋಗಾಣು ದೇಹ ಹೊಕ್ಕಾಗಿನಿಂದ ಮೊದಲ ಲಕ್ಷಣ ಕಾಣಿಸುವವರೆಗಿನ ಅವಧಿ ಇನ್‌ಕ್ಯುಬೇಷನ್ ಪೀರಿಯಡ್ ಎಂಬಂಥವನ್ನು ಪಟ್ಟಿಯಿಂದಲೇ ಕಲಿಯಬಹುದು. ಆದರೆ "ಅಂಕಿ ಬೇಡ, ಪದಗಳು ಸಾಕು" ಎಂಬ ನಿಮ್ಮ ಮಾತನ್ನು ಮಾತ್ರ ಒಪ್ಪಲಾರೆ. ಈ ಸುದ್ದಿಗಳಲ್ಲಿ ನಿಮ್ಮನ್ನು ತಡೆದು ನಿಲ್ಲಿಸುವ ಪದಗಳಲ್ಲಿ ಹೆಚ್ಚಿನವು ಒಂದೊಂದು ಲೆಕ್ಕಕ್ಕೆ ಇಟ್ಟ ಹೆಸರುಗಳು. ಲೆಕ್ಕವನ್ನು ಬಿಟ್ಟು ಹೆಸರನ್ನಷ್ಟೇ ಉರು ಹೊಡೆದವರು ಸುದ್ದಿಯನ್ನು ಸರಾಗವಾಗಿ ಓದುತ್ತಾರೆ, ಅಷ್ಟೇ ಸರಾಗವಾಗಿ ತಪ್ಪು ತಿಳಿಯುತ್ತಾರೆ.

ನನ್ನ ಪರಿಚಯದ ನಿವೃತ್ತ ಅಧ್ಯಾಪಕರೊಬ್ಬರು ಕೋವಿಡ್ ಕಾಲದಲ್ಲಿ ಕತ್ತರಿಸಿಟ್ಟುಕೊಂಡಿದ್ದ ಇಂಗ್ಲಿಷ್ ಪತ್ರಿಕೆಯ ತುಣುಕುಗಳನ್ನು ಒಮ್ಮೆ ತೋರಿಸಿದರು. ಕಠಿಣ ಪದಗಳ ಕೆಳಗೆಲ್ಲ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ಅಂಚಿನಲ್ಲಿ ಮುತ್ತಿನಂಥ ಅಕ್ಷರಗಳಲ್ಲಿ ಕನ್ನಡ ಅರ್ಥ ಬರೆದಿದ್ದರು. ಎಫಿಕೆಸಿ ಎಂಬುದಕ್ಕೆ "ಪರಿಣಾಮಕಾರಿತ್ವ" ಎಂದಿತ್ತು. ಅದರ ಪಕ್ಕದಲ್ಲೇ ಅಚ್ಚಾಗಿದ್ದ ಶೇ 95 ಎಂಬ ಅಂಕಿಯ ಕೆಳಗೆ ಗೆರೆಯೂ ಇರಲಿಲ್ಲ, ಟಿಪ್ಪಣಿಯೂ ಇರಲಿಲ್ಲ. ಹಾಗೆಂದರೇನು ಎಂದು ಕೇಳಿದೆ. "ಲಸಿಕೆ ಪಡೆದ ನೂರು ಜನರಲ್ಲಿ ಐವರಿಗೆ ರೋಗ ಬಂದೇ ಬರುತ್ತದೆ" ಎಂದರು. ಅವರ ಇಂಗ್ಲಿಷ್ ನನ್ನದಕ್ಕಿಂತ ಎಷ್ಟೋ ಮೇಲು.

ಆ ಶೇ 95 ಬಂದದ್ದು ಎಲ್ಲಿಂದ ಎಂಬುದನ್ನು ನೋಡಿ. ಫೈಜರ್ ಮತ್ತು ಬಯೋಎನ್‌ಟೆಕ್ ಕಂಪನಿಗಳ ಲಸಿಕೆಯ ಪ್ರಯೋಗದ ಫಲಿತಾಂಶ 2020ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಲಸಿಕೆ, ಇನ್ನೊಂದಕ್ಕೆ ಔಷಧಾಂಶವಿಲ್ಲದ ಪ್ಲಸೀಬೊ. ಮೊದಲೇ ಸೋಂಕು ತಗುಲಿರದವರನ್ನಷ್ಟೇ ಎಣಿಸಿದರೆ, ಲಸಿಕೆಯ ಗುಂಪಿನಲ್ಲಿ 18,198 ಜನ, ಪ್ಲಸೀಬೊ ಗುಂಪಿನಲ್ಲಿ 18,325 ಜನ. ಎರಡನೆಯ ಡೋಸ್ ಪಡೆದು ಏಳು ದಿನ ಕಳೆದ ಮೇಲೆ ಲಕ್ಷಣಸಹಿತ ಕೋವಿಡ್ ಬಂದವರು ಮೊದಲ ಗುಂಪಿನಲ್ಲಿ 8, ಎರಡನೆಯದರಲ್ಲಿ 162. ಈ ಎಂಟನ್ನು ಆ ನೂರ ಅರವತ್ತೆರಡರ ಜೊತೆ ಹೋಲಿಸಿದಾಗ ಹುಟ್ಟಿದ್ದೇ ಶೇ 95. ಲಸಿಕೆ ಇಲ್ಲದಿದ್ದರೆ ಬರಬಹುದಾಗಿದ್ದ ರೋಗದಲ್ಲಿ ಎಷ್ಟು ಪಾಲು ತಪ್ಪಿತು ಎಂಬುದರ ಅಳತೆ ಅದು. ಅಧ್ಯಾಪಕರ ಅರ್ಥವೇ ಸರಿಯಾಗಿದ್ದರೆ ಲಸಿಕೆಯ ಗುಂಪಿನಲ್ಲಿ ಒಂಬೈನೂರಕ್ಕೂ ಹೆಚ್ಚು ಜನ ಕಾಯಿಲೆ ಬೀಳಬೇಕಿತ್ತು. ಎಫಿಕೆಸಿಯ ನೆರೆಯಲ್ಲೇ ಎಫೆಕ್ಟಿವ್‌ನೆಸ್ ಎಂಬ ಇನ್ನೊಂದು ಪದ ಬರುತ್ತದೆ. ಆರಿಸಿದ ಜನರ ನಡುವೆ, ನಿಗದಿತ ನಿಯಮಗಳಲ್ಲಿ ನಡೆದ ಪ್ರಯೋಗದಲ್ಲಿ ಕಂಡದ್ದು ಎಫಿಕೆಸಿ. ಮುದುಕರು, ಬೇರೆ ಕಾಯಿಲೆಯುಳ್ಳವರು, ಎರಡನೆಯ ಡೋಸ್ ತಡ ಮಾಡಿದವರು ಎಲ್ಲರೂ ಸೇರಿರುವ ಹೊರಜಗತ್ತಿನಲ್ಲಿ ಕಂಡದ್ದು ಎಫೆಕ್ಟಿವ್‌ನೆಸ್. ಪಟ್ಟಿ ಮಾಡಿದರೆ ಎರಡಕ್ಕೂ "ಪರಿಣಾಮಕಾರಿತ್ವ" ಎಂದೇ ಬರೆಯಬೇಕಾದೀತು, ನೀವು ಎರಡನ್ನೂ ಒಂದೇ ಎಂದು ಬಾಯಿಪಾಠ ಮಾಡಿಕೊಂಡೀರಿ.

ಇನ್ನೊಂದು ಪ್ರಸಂಗವನ್ನು ಹೇಳಲೇಬೇಕು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಪ್ರಾವಿನ್ಸ್‌ಟೌನ್‌ನಲ್ಲಿ 2021ರ ಜುಲೈನಲ್ಲಿ ಜನ ಸೇರಿದ ಸಮಾರಂಭಗಳ ನಂತರ ಕೋವಿಡ್ ಹರಡಿತು. ಆ ರಾಜ್ಯದ ನಿವಾಸಿಗಳಲ್ಲಿ ಪತ್ತೆಯಾದ 469 ಪ್ರಕರಣಗಳಲ್ಲಿ 346, ಅಂದರೆ ಶೇ 74, ಪೂರ್ಣ ಲಸಿಕೆ ಪಡೆದವರಲ್ಲಿ ಕಂಡಿದ್ದವು. ಬ್ರೇಕ್‌ಥ್ರೂ ಇನ್‌ಫೆಕ್ಷನ್ ಎಂಬ ಪದ ಮನೆಮಾತಾದದ್ದು ಇಂಥ ಸುದ್ದಿಗಳಿಂದಲೇ. ಲಸಿಕೆ ಪಡೆದ ಮೇಲೂ ತಗುಲುವ ಸೋಂಕು ಎಂಬ ಅರ್ಥ ಎಲ್ಲರಿಗೂ ಗೊತ್ತಾಯಿತು. ಆದರೂ ಲಸಿಕೆಯಿಂದ ಏನೂ ಆಗಲಿಲ್ಲವೆಂದು ಎಷ್ಟೋ ಜನ ತೀರ್ಮಾನಿಸಿಬಿಟ್ಟರು. ಈಗ ನೀವೇ ಕಾಗದ ತೆಗೆದುಕೊಂಡು ಒಂದು ಲೆಕ್ಕ ಮಾಡಿ. ಸಾವಿರ ಜನರಲ್ಲಿ 900 ಮಂದಿ ಲಸಿಕೆ ಪಡೆದಿದ್ದಾರೆ ಎಂದುಕೊಳ್ಳಿ. ಉಳಿದ ನೂರರಲ್ಲಿ 20 ಜನರಿಗೆ, ಈ ಒಂಬೈನೂರರಲ್ಲಿ 36 ಜನರಿಗೆ ಸೋಂಕು ಬಂತು. ಒಟ್ಟು 56 ಸೋಂಕಿತರಲ್ಲಿ ಲಸಿಕೆ ಪಡೆದವರೇ ಹೆಚ್ಚು, ಸುಮಾರು ಶೇ 64. ಆದರೆ ಲಸಿಕೆ ಪಡೆಯದವರಲ್ಲಿ ನೂರಕ್ಕೆ 20 ಜನ ಸೋಂಕಿತರಾದರೆ ಪಡೆದವರಲ್ಲಿ ನೂರಕ್ಕೆ 4 ಜನ ಮಾತ್ರ. ಅಪಾಯ ಐದನೇ ಒಂದು ಪಾಲಿಗೆ ಇಳಿದಿದೆ. ಪ್ರಾವಿನ್ಸ್‌ಟೌನ್‌ಗೆ ಬಂದಿದ್ದವರಲ್ಲಿ ಲಸಿಕೆ ಪಡೆದವರು ಎಷ್ಟು ಎಂಬ ಪ್ರಶ್ನೆಯನ್ನು ಕೇಳದೆ ಶೇ 74ರಿಂದ ಯಾವ ತೀರ್ಮಾನಕ್ಕೂ ಬರುವಂತಿಲ್ಲ. ಆ ಅಂಕಿಗಳಿಂದ ಲಸಿಕೆಯ ಪರಿಣಾಮವನ್ನು ಅಳೆಯಲಾಗದು ಎಂದು ಮೂಲ ವರದಿಯೇ ಎಚ್ಚರಿಸಿತ್ತು. ತಲೆಬರಹ ಓದಿದವರು ಅಲ್ಲಿಯವರೆಗೆ ಹೋಗಲಿಲ್ಲ. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಅವಸರ ನಮ್ಮನ್ನು ಬಿಟ್ಟಿಲ್ಲ.

ಸಾವಿನ ಲೆಕ್ಕದಲ್ಲೂ ಇದೇ ಕಥೆ. ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರು 2020ರ ಮಾರ್ಚ್ 3ರಂದು, ವರದಿಯಾದ ಪ್ರಕರಣಗಳಲ್ಲಿ ಸುಮಾರು ಶೇ 3.4ರಷ್ಟು ಜನ ಸತ್ತಿದ್ದಾರೆ ಎಂದರು. "ವರದಿಯಾದ" ಎಂಬ ಮಾತು ಎಷ್ಟೋ ಓದುಗರ ಕಣ್ಣಿಗೆ ಬೀಳಲೇ ಇಲ್ಲ. ಕೇಸ್ ಫೇಟ್ಯಾಲಿಟಿ ರೇಟ್ ಎಂದರೆ ಪತ್ತೆಯಾದ ರೋಗಿಗಳಲ್ಲಿ ಸತ್ತವರ ಪ್ರಮಾಣ. ಇನ್‌ಫೆಕ್ಷನ್ ಫೇಟ್ಯಾಲಿಟಿ ರೇಟ್ ಎಂದರೆ ಪರೀಕ್ಷೆಯೇ ಮಾಡಿಸಿಕೊಳ್ಳದವರೂ ಸೇರಿ ಎಲ್ಲ ಸೋಂಕಿತರಲ್ಲಿ ಸತ್ತವರ ಪ್ರಮಾಣ. ಪರೀಕ್ಷೆ ಕಡಿಮೆಯಿದ್ದಷ್ಟೂ ಮೊದಲನೆಯದು ಉಬ್ಬಿ ಕಾಣುತ್ತದೆ. ಸತ್ತವರ ಎಣಿಕೆಯೇ ತಪ್ಪಿಹೋದಾಗ ಕೈಹಿಡಿಯುವ ಅಳತೆ ಎಕ್ಸೆಸ್ ಮಾರ್ಟ್ಯಾಲಿಟಿ, ಅಂದರೆ ಎಂದಿನಂತೆ ಸಂಭವಿಸಬಹುದಾಗಿದ್ದ ಸಾವುಗಳಿಗಿಂತ ಎಷ್ಟು ಹೆಚ್ಚು ಸಂಭವಿಸಿದವು ಎಂಬ ಲೆಕ್ಕ. 2020 ಮತ್ತು 2021ರಲ್ಲಿ ಜಗತ್ತಿನಾದ್ಯಂತ ಅಧಿಕೃತವಾಗಿ ವರದಿಯಾದ ಕೋವಿಡ್ ಸಾವುಗಳು ಸುಮಾರು 54 ಲಕ್ಷ. ವಿಶ್ವ ಆರೋಗ್ಯ ಸಂಸ್ಥೆ ಅಂದಾಜಿಸಿದ ಹೆಚ್ಚುವರಿ ಸಾವುಗಳು ಸುಮಾರು 149 ಲಕ್ಷ. ಇವೆರಡರ ನಡುವೆ ಕೋವಿಡ್ ಸಾವುಗಳ ಅಧಿಕೃತ ಲೆಕ್ಕಕ್ಕೆ ಸೇರದೆ ಹೋದ ಅಷ್ಟೊಂದು ಮನುಷ್ಯರಿದ್ದಾರೆ. "ಹೆಚ್ಚುವರಿ ಮರಣ" ಎಂಬ ಎರಡು ಪದಗಳನ್ನು ಪಟ್ಟಿಯಲ್ಲಿ ಅಚ್ಚು ಹಾಕಿ ಮುಂದಕ್ಕೆ ಹೋಗಲು ನನ್ನ ಮನಸ್ಸು ಒಪ್ಪುವುದಿಲ್ಲ.

ನಿಮ್ಮ ಪತ್ರದಲ್ಲಿದ್ದ ಅಡ್ವರ್ಸ್ ಈವೆಂಟ್ ಎಂಬುದನ್ನು ಬಹುತೇಕ ಎಲ್ಲರೂ "ಅಡ್ಡಪರಿಣಾಮ" ಎಂದೇ ತಿಳಿಯುತ್ತಾರೆ. ಲಸಿಕೆ ಪಡೆದ ನಂತರ ಸಂಭವಿಸಿದ ಯಾವುದೇ ಆರೋಗ್ಯದ ತೊಂದರೆಗೆ, ಲಸಿಕೆಯೇ ಕಾರಣವೆಂದು ಸಿದ್ಧವಾಗುವ ಮೊದಲೇ ಅನ್ವಯಿಸುವ ಪದ ಅದು. ಕಾರಣ ಯಾವುದೆಂದು ಮುಂದೆ ತನಿಖೆಯಾಗಬೇಕು. ಅಂಥ ತನಿಖೆ ಲಸಿಕೆಯ ದೋಷವನ್ನು ಬಯಲಿಗೆ ತಂದದ್ದೂ ಉಂಟು: 1976ರಲ್ಲಿ ಅಮೆರಿಕದ ಹಂದಿಜ್ವರದ ಲಸಿಕೆಯಿಂದ ಗಿಲಾನ್ ಬರ್ರೆ ಎಂಬ ನರರೋಗ, ಲಸಿಕೆ ಪಡೆದ ಲಕ್ಷಕ್ಕೆ ಒಬ್ಬರಂತೆ ಹೆಚ್ಚಿದ್ದು ಪತ್ತೆಯಾಗಿ ಆ ಕಾರ್ಯಕ್ರಮವನ್ನೇ ನಿಲ್ಲಿಸಲಾಯಿತು. ಎಂಡೆಮಿಕ್ ಎಂದರೆ ಒಂದು ಪ್ರದೇಶದಲ್ಲಿ ಸದಾ ನೆಲೆಯೂರಿರುವ ರೋಗ. ಅದು ಸೌಮ್ಯವಾದ ರೋಗ ಎಂಬ ಭಾವನೆಯನ್ನೂ ಬಿಟ್ಟುಬಿಡಿ. ಹಲವು ದೇಶಗಳಲ್ಲಿ ಎಂಡೆಮಿಕ್ ಆಗಿರುವ ಮಲೇರಿಯ ವರ್ಷಕ್ಕೆ ಐದು ಲಕ್ಷಕ್ಕೂ ಹೆಚ್ಚು ಜನರನ್ನು ಕೊಲ್ಲುತ್ತಿದೆ.

ಇಂಗ್ಲಿಷ್ ಬಾರದಿರುವುದೇ ತಮ್ಮ ತೊಡಕೆಂದು ನೀವು ನೊಂದುಕೊಂಡಂತಿದೆ. ಹಾಗೆ ಕುಗ್ಗಬೇಡಿ. ಇಂಗ್ಲಿಷನ್ನೇ ತಾಯ್ನುಡಿಯಾಗಿ ಉಳ್ಳವರೂ ಇಲ್ಲೇ ಎಡವಿದ್ದಾರೆ, ಪರಿಣತರೇ ಮಾತನ್ನು ತಿದ್ದಿಕೊಳ್ಳಬೇಕಾಗಿ ಬಂದಿದೆ. ಲಕ್ಷಣರಹಿತರಿಂದ ಸೋಂಕು ಹರಡುವುದು ಬಹಳ ಅಪರೂಪವೆಂದು ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರೊಬ್ಬರು 2020ರ ಜೂನ್ 8ರಂದು ಹೇಳಿ, ಮರುದಿನವೇ ವಿವರಣೆ ಕೊಡಬೇಕಾಯಿತು. ಕೊನೆಯವರೆಗೂ ಲಕ್ಷಣವೇ ಕಾಣದವರು ಅಸಿಂಪ್ಟೊಮ್ಯಾಟಿಕ್, ಇನ್ನೆರಡು ದಿನಗಳಲ್ಲಿ ಲಕ್ಷಣ ಕಾಣಲಿರುವವರು ಪ್ರೀಸಿಂಪ್ಟೊಮ್ಯಾಟಿಕ್. ಪರೀಕ್ಷೆಯ ದಿನ ಇಬ್ಬರೂ ಒಂದೇ ಬಗೆಯಾಗಿ ಕಾಣುತ್ತಾರೆ, ಎರಡನೆಯವರು ಸೋಂಕನ್ನು ಚೆನ್ನಾಗಿಯೇ ಹರಡಬಲ್ಲರು. ಕೋವಿಡ್ ಏರ್‌ಬೋರ್ನ್ ಅಲ್ಲ, ಅಂದರೆ ಗಾಳಿಯ ಮೂಲಕ ಹರಡುವುದಿಲ್ಲ ಎಂದು 2020ರ ಮಾರ್ಚ್‌ನಲ್ಲಿ ಸಾರಿದ ಅದೇ ಸಂಸ್ಥೆ, ಗಾಳಿಯಲ್ಲಿ ಸಾಗುವ ರೋಗಾಣುಗಳ ಬಗ್ಗೆ ಎಲ್ಲ ಶಾಖೆಗಳ ತಜ್ಞರೂ ಒಪ್ಪುವ ಪರಿಭಾಷೆಯನ್ನು ಮುಂದಿಟ್ಟದ್ದು 2024ರ ಏಪ್ರಿಲ್‌ನಲ್ಲಿ. ಬೇಗ ಕೆಳಗೆ ಬೀಳುವ ಹನಿ ಯಾವುದು, ಗಾಳಿಯಲ್ಲೇ ತೇಲುವ ಅದಕ್ಕಿಂತ ಸಣ್ಣ ಕಣ ಯಾವುದು ಎಂಬ ಗಾತ್ರದ ಗಡಿಯ ಬಗ್ಗೆ ವೈದ್ಯರಿಗೂ ಭೌತವಿಜ್ಞಾನಿಗಳಿಗೂ ಒಮ್ಮತವಿರಲಿಲ್ಲ. ಕಿಟಕಿ ತೆರೆಯಬೇಕೇ, ಕೈ ತೊಳೆದರೆ ಸಾಕೇ ಎಂಬ ದಿನನಿತ್ಯದ ಪ್ರಶ್ನೆ ಆ ಒಂದು ಗಡಿಯ ಮೇಲೆ ನಿಂತಿತ್ತು.

ನನ್ನ ಅಸಮಾಧಾನವೆಲ್ಲ ನಮ್ಮ ಕಲಿಕೆಯ ಮೇಲೆ ಮತ್ತು ನನ್ನ ವೃತ್ತಿಯ ಮೇಲೆ. ಭಾಷೆಯ ತರಗತಿಯಲ್ಲಿ ಶೇಕಡಾವಾರು ಬರುವುದಿಲ್ಲ, ಗಣಿತದ ತರಗತಿಯಲ್ಲಿ ವಾಕ್ಯ ಬರುವುದಿಲ್ಲ. ಅಂಕಿಯಿರುವ ವಾಕ್ಯವನ್ನು ಓದುವುದನ್ನು ಯಾರೂ ಕಲಿಸದೆಯೇ ಮಕ್ಕಳು ಪದವಿ ಮುಗಿಸುತ್ತಾರೆ. ಇತ್ತ ಸುದ್ದಿಮನೆಗಳಲ್ಲಿ "ಶೇ 74" ಎಂಬುದು ದಪ್ಪಕ್ಷರದ ತಲೆಬರಹವಾಗುತ್ತದೆ, "ಎಷ್ಟು ಜನರಲ್ಲಿ" ಎಂಬುದು ಜಾಗ ಸಾಲದೆ ಕತ್ತರಿಗೆ ಸಿಗುತ್ತದೆ. ನಾನು ಹಿಂದೆ ದುಡಿಯುತ್ತಿದ್ದ ದಿನಪತ್ರಿಕೆಯೊಂದರಲ್ಲಿ ರಾತ್ರಿ ಪಾಳಿಯ ಹುಡುಗನೊಬ್ಬ ವರದಿಯಲ್ಲಿದ್ದ "ಪ್ಲಸೀಬೊ ಗುಂಪಿನೊಂದಿಗೆ ಹೋಲಿಸಿದರೆ" ಎಂಬ ತುಣುಕನ್ನು ಉಳಿಸಲು ಹಟ ಹಿಡಿದದ್ದಕ್ಕೆ, ಓದುಗರಿಗೆ ಇದೆಲ್ಲ ಬೇಕಿಲ್ಲವೆಂದು ಬೈಸಿಕೊಂಡ. ಓದುಗರಿಗೆ ಬೇಕಿಲ್ಲ ಎಂಬ ಆ ಮಾತನ್ನು ಓದುಗರಾದ ನೀವೇ ಬರೆದು ಕಳಿಸಿದ್ದೀರಲ್ಲ, ಅದಕ್ಕೇ ನನಗೆ ಬೇಸರವಾಯಿತು.

ಆದ್ದರಿಂದ ನೂರು ಪದಗಳ ಪಟ್ಟಿಯನ್ನು ನಾವು ಅಚ್ಚು ಮಾಡುವುದಿಲ್ಲ. ಅದರ ಬದಲು, ಓದುವಾಗ ನಿಮ್ಮನ್ನು ತಡೆದು ನಿಲ್ಲಿಸಿದ ಒಂದೇ ಒಂದು ಇಂಗ್ಲಿಷ್ ವರದಿಯನ್ನು ಕತ್ತರಿಸಿ ಕಳಿಸಿಕೊಡಿ. ಅಂಚಿನಲ್ಲಿ ಪ್ರತಿ ಶೇಕಡಾವಾರಿನ ಎದುರಿಗೆ ಮೂರು ವಿಷಯಗಳನ್ನು ಕನ್ನಡದಲ್ಲೇ ಬರೆದಿರಿ: ಎಷ್ಟು ಜನರಲ್ಲಿ, ಯಾರೊಂದಿಗೆ ಹೋಲಿಸಿ, ಎಷ್ಟು ಕಾಲದಲ್ಲಿ. ವರದಿಯಲ್ಲಿ ಉತ್ತರ ಸಿಗದಿದ್ದರೆ "ಹೇಳಿಲ್ಲ" ಎಂದು ಬರೆಯಿರಿ. ಆ ತುಣುಕನ್ನು ನಿಮ್ಮ ಟಿಪ್ಪಣಿಗಳ ಸಮೇತ ಮುಂದಿನ ಸಂಚಿಕೆಯಲ್ಲಿ ಪೂರ್ಣವಾಗಿ ಪ್ರಕಟಿಸುತ್ತೇವೆ, ಪುಟ ಎಷ್ಟಾದರೂ ಸರಿ.