ಜೆಡ್4ಗೆ ಸ್ಪ್ರಿಂಗ್ ಬದಲಿಸೋ ಮುಂಚೆ

ನಿಮ್ಮ ಬಿಎಂಡಬ್ಲ್ಯೂ ಜೆಡ್4 (ಇ89 ಮಾಡೆಲ್) ಕುಲುಕುತ್ತೆ, ಅದಕ್ಕೆ ಗಾಡೀನ 30 ಮಿ.ಮೀ. ತಗ್ಗಿಸೋ ಸ್ಪ್ರಿಂಗ್ ಹಾಕಿಸ್ಲಾ, ಕಾಯ್ಲೋವರ್ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್-ಶಾಕ್ ಅಬ್ಸಾರ್ಬರ್ ಜೋಡಿ) ಹಾಕಿಸ್ಲಾ ಅಂತ ಕೇಳಿದ್ದೀರಿ. ದಿನಾ ಬೆಂಗಳೂರಲ್ಲೇ ಓಡಿಸೋದಾದ್ರೆ ಎರಡೂ ಬೇಡ ಸರ್. ಗಾಡಿ ತಗ್ಗಿದಷ್ಟೂ ಡ್ಯಾಂಪರ್ (ಶಾಕ್ ಅಬ್ಸಾರ್ಬರ್) ಆಡೋ ಜಾಗ ಕಡಿಮೆ. ಗುಂಡಿಗಿಳಿದ್ರೆ ಸೀದಾ ಬಂಪ್ ಸ್ಟಾಪ್‌ಗೆ, ಅಂದ್ರೆ ಅದರ ಕೊನೇಲಿರೋ ತಡೆಗೆ, ಬಡಿಯುತ್ತೆ. ನಮ್ಮ ಹಂಪ್‌ಗಳಲ್ಲಿ ತಳ ಉಜ್ಜೋದು ಬೇರೆ.

ಮೊದಲು ಟೈರ್ ನೋಡಿ. ಕಂಪನಿಯ ರನ್‌ಫ್ಲಾಟ್ (ಪಂಕ್ಚರ್ ಆದ್ರೂ ಸ್ವಲ್ಪ ದೂರ ಓಡೋ ಟೈರ್) ಇನ್ನೂ ಇದ್ರೆ, ಅದರ ಪಕ್ಕದ ಗೋಡೆ ತುಂಬಾ ಗಟ್ಟಿ. ನೀವು ಹೇಳಿದ ಕುಲುಕಾಟದಲ್ಲಿ ಅದರ ಪಾಲು ದೊಡ್ಡದು. ಮಾಮೂಲಿ ಟೈರ್‌ಗೆ ಹೋದ್ರೆ ಪಂಕ್ಚರ್ ಕಿಟ್ ಇಟ್ಕೊಳ್ಳಿ, ಈ ಗಾಡೀಲಿ ಸ್ಟೆಪ್ನಿ ಇಲ್ಲ. ಆಮೇಲೂ ನಂದಿ ಬೆಟ್ಟದ ತಿರುವಲ್ಲಿ ಹಿಡಿತ ಸಾಲದು ಅನ್ನಿಸಿದ್ರೆ ಬಿಲ್‌ಸ್ಟೈನ್ ಕಂಪನಿಯ ಬಿ6 ಡ್ಯಾಂಪರ್ ಹಾಕಿಸಿ. ಅದು ಮೂಲ ಎತ್ತರಕ್ಕೆ, ಬಿ8 ತಗ್ಗಿಸಿದ ಗಾಡಿಗೆ. ನಿಮ್ಮ ಗಾಡೀಲಿ ಈಗ ಎಲೆಕ್ಟ್ರಾನಿಕ್ ಡ್ಯಾಂಪರ್ ಇದ್ಯಾ ಅಂತ ಕೊಳ್ಳೋ ಮುಂಚೆನೇ ಖಚಿತ ಮಾಡ್ಕೊಳ್ಳಿ. ಬಿಚ್ಚಿದಾಗಲೇ ಟಾಪ್ ಮೌಂಟ್ (ಡ್ಯಾಂಪರ್‌ನ ಮೇಲ್ತುದೀನ ಬಾಡಿಗೆ ಹಿಡಿಸೋ ಭಾಗ) ಹೊಸದು ಹಾಕಿಸಿ, ವೀಲ್ ಅಲೈನ್‌ಮೆಂಟ್ ಮಾಡಿಸದೆ ಬಿಡ್ಬೇಡಿ.